ಒಂದು ಪದದ ದಂತಕಥೆ

ನನ್ನ ಹೆಂಡತಿಗೆ ನನ್ನ ಮೇಲಿರುವ ದೂರು ಒಂದೇ. (ಮಿಕ್ಕವೆಲ್ಲ ಅದರ ಮರಿಗಳು.) ಇಂಗ್ಲಿಷ್ ನಿಘಂಟು ಅಚ್ಚಾಗುವಲ್ಲಿ ದಿನವಿಡೀ ಕರಡು ತಿದ್ದುವ ಮನುಷ್ಯ, ಮನೆಯಲ್ಲಿ ಏನು ಬಡಿಸಿದರೂ “ಹೂಂ” ಎಂಬ ಒಂದಕ್ಷರದಲ್ಲಿ ಊಟ ಮುಗಿಸುತ್ತಾನೆ!

ಆ ದಿನ ಕಚೇರಿಗೇ ಫೋನ್ ಮಾಡಿದಳು.

“ರೀ, ಅಮ್ಮ ಅಡುಗೆಮನೆಗೆ ಹೋಗಿದ್ದಾಳೆ ಕಣ್ರೀ! ತಾನಾಗೇ! ನಿಮಗೋಸ್ಕರ ಪುಡ್ಡಿಂಗ್ ಮಾಡ್ತಾಳಂತೆ. ಇವತ್ತೇನಾದ್ರೂ ‘ಹೂಂ’ ಅಂದ್ರೋ, ನೋಡಿ ಮತ್ತೆ!”

ವಿಷಯ ಸಣ್ಣದಲ್ಲ. ಮಾವನವರು ತೀರಿಕೊಂಡ ಮೇಲೆ ಅತ್ತೆ ಒಲೆಯ ಕಡೆ ತಿರುಗಿಯೂ ನೋಡಿರಲಿಲ್ಲ. ನಮ್ಮಲ್ಲಿಗೆ ಬಂದಮೇಲೂ ಕಿಟಕಿಯ ಪಕ್ಕ ಕುಳಿತು ಬೀದಿ ನೋಡುವುದಷ್ಟೇ. ಸಾಲದ್ದಕ್ಕೆ ದಂತವೈದ್ಯರು ಅವರ ಮುಂದಿನ ಹಲ್ಲುಗಳನ್ನೆಲ್ಲ ಕಿತ್ತಿದ್ದರು. ಹೊಸ ಹಲ್ಲಿನ ಸೆಟ್ಟು ಇನ್ನೂ ಬಂದಿರಲಿಲ್ಲ. ಮಾತಾಡಬೇಕಾದರೆ ಬಾಯಿಗೆ ಕೈ ಅಡ್ಡ.

ನನ್ನ ಮುಂದಿದ್ದ ಕರಡಿನಲ್ಲೇ ಪದ ಸಿಕ್ಕಿತು: ‘ಟೂತ್‌ಸಮ್’. ಟೂತ್ ಅಂದರೆ ಹಲ್ಲು. ಇಡೀ ಪದದ ಅರ್ಥ ಮಾತ್ರ ‘ಬಲು ರುಚಿಯಾದದ್ದು’. ಹಿಂದೆ ಇಂಗ್ಲಿಷಿನವರು ನಾಲಿಗೆಯ ಚಪಲವನ್ನು ಹಲ್ಲಿನ ತಲೆಗೆ ಕಟ್ಟಿದ್ದರಂತೆ. ಆ ಪದವನ್ನು ಪೆಪ್ಪರಮಿಂಟಿನಂತೆ ಚೀಪುತ್ತಾ, ಬಸ್ಸಿನಲ್ಲಿ ಕನಸು ಕಾಣುತ್ತಾ, ನಮ್ಮ ನಿಲ್ದಾಣ ದಾಟಿ ಮುಂದಿನದರಲ್ಲಿಳಿದು ಮನೆ ಸೇರಿದೆ.

ಮನೆ ನಿಶ್ಶಬ್ದ. ತಾಯಿ ಮಗಳು ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಸಂಜೆಬಿಸಿಲು ಪರದೆಯಲ್ಲಿ ಸೋಸಿ ಮೇಜಿನ ಮೇಲೆ ಬಿದ್ದಿತ್ತು. ಅದರ ನಡುವೆ ಒಂದು ಬಿಳಿ ಬಟ್ಟಲು. ಒಳಗೆ ಮೆತ್ತಗೆ, ಬೆಚ್ಚಗೆ, ಮೋಡದ ತುಣುಕಿನಂಥದ್ದೇನೋ. ಒಂದು ಚಮಚ ಬಾಯಿಗಿಟ್ಟೆ. ಕಣ್ಣು ತಾವಾಗಿ ಮುಚ್ಚಿಕೊಂಡವು. ಚಿಕ್ಕಂದಿನ ಜ್ವರದ ಮಧ್ಯಾಹ್ನಗಳು, ಅಮ್ಮನ ತಣ್ಣನೆಯ ಅಂಗೈ, ಎಲ್ಲೋ ಹಾರುವ ಹತ್ತಿ... ಕಣ್ಣು ಬಿಟ್ಟಾಗ ಬಟ್ಟಲು ಖಾಲಿ, ಎದುರಿಗೆ ಬಟ್ಟೆಯ ರಾಶಿ ಹೊತ್ತ ತಾಯಿ ಮಗಳು.

ಎದ್ದು ನಿಂತು ಘೋಷಿಸಿದೆ: “ಅತ್ತೆ, ನಿಮ್ಮ ಪುಡ್ಡಿಂಗ್ ಟೂತ್‌ಸಮ್!”

ಅತ್ತೆಯ ಕೈ ಥಟ್ಟನೆ ಬಾಯಿಗೆ ಹೋಯಿತು. “ಟೂತಾ? ಹಲ್ಲಿನ ವಿಷಯ ಈಗ್ಯಾಕೆ ಅಳಿಯಂದಿರೇ?”

“ರೀ! ಆಡಿಕೊಳ್ಳೋಕೆ ನನ್ನಮ್ಮನೇ ಬೇಕಿತ್ತಾ?” ಹೆಂಡತಿ ಬಟ್ಟೆಯನ್ನು ಕುರ್ಚಿಗೆ ಎಸೆದಳು.

“ಅಯ್ಯೋ, ಹೊಗಳಿಕೆ ಕಣೇ! ಹಿಂದಿನ ಕಾಲದಲ್ಲಿ ಹಲ್ಲು ಅಂದ್ರೆ ರುಚಿ. ಅಂದ್ರೆ ಅತ್ತೆಯವರ ಪುಡ್ಡಿಂಗಿಗೆ ಬಾಯಿತುಂಬ ಹಲ್ಲು...”

(ಅರ್ಥ ಬಿಡಿಸಿದಷ್ಟೂ ಅನರ್ಥ.) ಅತ್ತೆ ಖಾಲಿ ಬಟ್ಟಲನ್ನೇ ನೋಡುತ್ತಿದ್ದರು. ಅವರ ಭುಜ ಅಲುಗತೊಡಗಿತು. ಅಳಿಸಿಯೇಬಿಟ್ಟೆನಲ್ಲಾ ಎಂದುಕೊಂಡೆ.

“ಪುಡ್ಡಿಂಗ್ ಇನ್ನೂ ಓವನ್ನಲ್ಲೇ ಇದೆಯಪ್ಪಾ,” ಎಂದರು ಕಷ್ಟಪಟ್ಟು. “ನೀವು ತಿಂದಿದ್ದು ನನ್ನ ಊಟ. ಹಲ್ಲಿಲ್ಲ ಅಂತ ಬಿಸಿ ಹಾಲಲ್ಲಿ ನೆನೆಸಿಟ್ಟ ನಿನ್ನೆಯ ಬ್ರೆಡ್ಡು!”

ಬಾಯಿಂದ ಕೈ ತೆಗೆದು, ಬೋಳು ವಸಡು ಕಾಣುವಂತೆ, ನಕ್ಕೇ ನಕ್ಕರು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ! ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿ, ಆಮೇಲೆ ಕಣ್ಣೊರೆಸಿಕೊಂಡು, ತಾನೂ ನಗಲಾರಂಭಿಸಿದಳು.

ಪುಡ್ಡಿಂಗ್ ಹೊರಬಂತು. ಚಿನ್ನದ ಬಣ್ಣ, ಅಂಚಿನಲ್ಲಿ ಕಂದಿದ ಸಕ್ಕರೆ. ಮನೆಯೇ ಘಮಘಮಿಸುತ್ತಾ ತೇಲಿದಂತಾಯಿತು. ನಾನು ಕುರ್ಚಿ ಎಳೆದುಕೊಂಡೆ.

“ನೀವು ಏಳಿ,” ಎಂದಳು ಹೆಂಡತಿ. “ಅಮ್ಮನ ಊಟ ನೀವು ತಿಂದಿರಿ, ನಿಮ್ಮ ಪುಡ್ಡಿಂಗ್ ಅಮ್ಮ ತಿಂತಾಳೆ. ಲೆಕ್ಕ ಸರಿಹೋಯ್ತು.”

“ಒಂದು ಚೂರಾದ್ರೂ ಕೊಡೇ ಪಾಪ,” ಎಂದರು ಅತ್ತೆ, ಬಾಯಿತುಂಬ ತುಂಬಿಕೊಂಡು. ಕೊಡುವಷ್ಟರಲ್ಲಿ ಅವರೇ ಅದನ್ನೂ ಮುಗಿಸಿದ್ದರು.

ಆ ಪುಡ್ಡಿಂಗಿನ ರುಚಿಯನ್ನು ಬಣ್ಣಿಸಲು ನನ್ನಲ್ಲಿ ಇಂದಿಗೂ ಪದಗಳಿಲ್ಲ. ಇರುವುದಾದರೂ ಹೇಗೆ? ನಾನು ಪಕ್ಕದಲ್ಲಿ ನಿಂತು ಬಟ್ಟೆ ಮಡಿಸುತ್ತಿದ್ದೆ.