ಕಾವಲಿ ಒಡೆದು ಹೆಡ್ಡು ಆರಿಸಿದ್ದು

ಗಾಡಿ ಎಳೆಯುವವನ ಗಾಡಿಯನ್ನೇ ಇನ್ನೊಬ್ಬ ಎಳೆದು ತರುವುದೆಂದರೆ, ಈಜು ಕಲಿಸುವವನನ್ನು ಕೆರೆಯಿಂದ ಎತ್ತಿ ತಂದ ಹಾಗೆ. ಎಳೆದು ತಂದವನು ಷಡ್ಡಕನಾದರಂತೂ (ಹೆಂಡತಿಯ ತಂಗಿಯ ಗಂಡ, ಅದೇ ಕಸುಬಿನವನು, ಮೇಲಾಗಿ ಸದಾ ಹಲ್ಲು ಬಿಡುವವನು) ಮುಗಿದೇ ಹೋಯಿತು. ಕೆಟ್ಟು ನಿಂತ ವಾಹನಗಳನ್ನು ಎಳೆಯುವ ಲಾರಿಯ ಮಾಲೀಕರೂ ಚಾಲಕರೂ ಆದ ಕೊಕ್ಕೆರಾಯರು ಹೀಗೆ, ಹಾಡಹಗಲಲ್ಲಿ, ತಮ್ಮದೇ ಬೀದಿಯಲ್ಲಿ ಎಳೆಸಿಕೊಂಡು ಬಂದರು. ಹೋದ ವಾರವಷ್ಟೇ ಅವರು ಲಾರಿಯ ಮೂತಿಗೆ, ಷಡ್ಡಕನ ಬೋರ್ಡಿನ ಎರಡರಷ್ಟು ದೊಡ್ಡ ತಗಡಿನ ಬೋರ್ಡು ಕಟ್ಟಿಸಿದ್ದರು: 'ನಿಂತ ಗಾಡಿಗೆ ನಾನೇ ಗತಿ!' ಬೀದಿಯವರೆಲ್ಲ ಅದನ್ನು ಗಟ್ಟಿಯಾಗಿ ಓದಿ ಆನಂದಿಸಿದರು.

ಮೆಕ್ಯಾನಿಕ್ ಬಾನೆಟ್ಟಿನೊಳಗೆ ತಲೆ ಹಾಕಿ, ಕೈ ಒರೆಸಿಕೊಂಡ.

"ಎಂಜಿನ್ ಕಾದು ಕೆಂಡ ಆಗಿದೆ ಸಾರ್. ಹೆಡ್ಡು ಸೀಳಿದೆ." (ಹೆಡ್ಡು ಎಂದರೆ ಎಂಜಿನ್ನಿನ ನೆತ್ತಿಯ ಮೇಲೆ ಕೂರುವ ದಪ್ಪ ಮುಚ್ಚಳ.) "ಬೀಡುಕಬ್ಬಿಣದ್ದೂ ಸಿಗುತ್ತೆ, ಅಲ್ಯೂಮಿನಿಯಂದೂ ಸಿಗುತ್ತೆ. ಬೀಡು ಭಾರ, ಆದರೆ ಗಟ್ಟಿ. ಅಲ್ಯೂಮಿನಿಯಂ ಹಗುರ, ಬೇಗ ಆರುತ್ತೆ. ಅದಿರ್ಲಿ, ಮೊದಲು ಯಾಕೆ ಕಾಯ್ತು ಅಂತ ನೋಡೋಣ..."

"ಯಾಕೆ ಅನ್ನೋದು ಬಿಡಯ್ಯ! ಯಾವುದು ಅನ್ನೋದೇ ಈಗ ಪ್ರಶ್ನೆ!" ಎಂದು ರಾಯರು ಮನೆಗೆ ಓಡಿದರು.

ಓಡದೆ ಏನು ಮಾಡಿಯಾರು? ಭಾನುವಾರ ಬಸ್ ಕಂಪನಿಯ ಪರೀಕ್ಷೆ. ತುಂಬಿದ ಬಸ್ಸನ್ನು ಗುಡ್ಡದ ಏರಿನಲ್ಲಿ ಮೇಲಕ್ಕೆ ಎಳೆದರೆ ಕಂಪನಿಯ ಕೆಲಸವೆಲ್ಲ ರಾಯರದು. ಎಳೆಯದಿದ್ದರೆ ಷಡ್ಡಕನದು.

ಹೆಂಡತಿ ಹಿತ್ತಲಲ್ಲಿ ಬಟ್ಟೆ ಹರವಿ ಒಳಗೆ ಬರುವ ಹೊತ್ತಿಗೆ ಅಡುಗೆಮನೆ ಮಹಾ ಪ್ರಯೋಗಶಾಲೆಯಾಗಿತ್ತು. ಒಂದು ಒಲೆಯ ಮೇಲೆ ಬೀಡಿನ ದೋಸೆ ಕಾವಲಿ, ಇನ್ನೊಂದರ ಮೇಲೆ ಅಲ್ಯೂಮಿನಿಯಂ ಪಾತ್ರೆ, ಎರಡೂ ಖಾಲಿ, ಎರಡೂ ಹೊಗೆಯಾಡುತ್ತಿದ್ದವು. ರಾಯರು ತಣ್ಣೀರಿನ ತಂಬಿಗೆ ಎತ್ತಿ ಹಿಡಿದಿದ್ದರು.

"ರೀ! ಅದು ನಮ್ಮಮ್ಮ ಕೊಟ್ಟ ಕಾವಲಿ!"

"ವಿಜ್ಞಾನಕ್ಕೆ ಅತ್ತೆ ಮಾವ ಯಾರೂ ಇಲ್ಲ ಕಣೇ. ಯಾವ ಲೋಹ ತಡ್ಕೊಳ್ಳತ್ತೆ ಅಂತ ಈಗಲೇ ಗೊತ್ತಾಗತ್ತೆ. ಹಿಂದೆ ಸರಿ!"

ಫಟ್! ಅತ್ತೆಯ ಕಾವಲಿ ಎರಡು ಹೋಳಾಯಿತು. ಪಾತ್ರೆ ಒಡೆಯಲಿಲ್ಲ. ಆದರೆ ತಳ ಉಬ್ಬಿ ತೊಟ್ಟಿಲಿನಂತೆ ತೂಗತೊಡಗಿತು.

"ಸಿಕ್ಕಿತು!" ರಾಯರು ಕುಣಿದಾಡಿದರು. "ಸೊಟ್ಟಗಾದದ್ದನ್ನ ಮಟ್ಟ ಮಾಡಿಸಬಹುದು. ಒಡೆದದ್ದಕ್ಕೆ ಮದ್ದಿಲ್ಲ. ಅಲ್ಯೂಮಿನಿಯಮ್ಮೇ ಸೈ!"

ಹೆಂಡತಿ ಹೋಳುಗಳನ್ನು ಎತ್ತಿಕೊಂಡಳು. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಮೊದಲು ಬಂತು.

"ಎರಡೂ ಹಾಳಾಗಿದ್ದು ನೀವು ಸುಡೋ ಹಾಗೆ ಕಾಯಿಸಿದ್ದಕ್ಕೆ. ನಿಮ್ಮ ಲಾರೀನ ಹಾಗೆ ಕಾಯಿಸ್ತಿರೋದು ಏನು ಅಂತ ನೋಡಿದ್ರಾ?"

"ಎಂಜಿನ್ ವಿಷಯ ನಿನಗೆ ತಿಳಿಯಲ್ಲ, ಸುಮ್ನಿರು."

ಹೊಸ ಹೆಡ್ಡು ಬಂತು. ಕೂತಿತು. ಭಾನುವಾರ ಬೆಳಿಗ್ಗೆ ರಾಯರು ಬೋರ್ಡಿಗೆ ಎಣ್ಣೆ ಹಚ್ಚಿ ಹೊಳಪು ಬರಿಸಿದರು. ಗಂಡನ ವಿಜಯವನ್ನು ಕಣ್ಣಾರೆ ಕಾಣಬೇಕೆಂದು (ಇಲ್ಲವೇ ಕಾವಲಿಯ ಲೆಕ್ಕ ಅಲ್ಲೇ ಚುಕ್ತಾ ಮಾಡಬೇಕೆಂದು) ಹೆಂಡತಿಯೂ ಪಕ್ಕದ ಸೀಟಿನಲ್ಲಿ ಕೂತಳು. ಬಸ್ಸಿಗೆ ಕೊಕ್ಕೆ ಬಿತ್ತು. ಲಾರಿ ಗುಡುಗಿತು. ಏರು ಶುರುವಾಯಿತು. ಬಸ್ಸಿನೊಳಗಿನ ಜನ ಶಿಳ್ಳೆ ಹಾಕಿದರು. ಷಡ್ಡಕ ತನ್ನ ಲಾರಿಯಲ್ಲಿ ಹಿಂದೆಯೇ ಬಂದ, ಹಲ್ಲು ಬಿಡುತ್ತ.

"ನೋಡಿದ್ಯಾ? ಹೂವು ಎತ್ತಿದ ಹಾಗೆ ಎಳೀತಿದೆ!"

"ರೀ, ಈ ಬಿಸಿ ಮೀಟರಿನ ಮುಳ್ಳು ಯಾಕೆ ಕೆಂಪು ಗೆರೆ ಕಡೆ ಓಡ್ತಿದೆ?"

ಉತ್ತರ ಕೊಡುವ ಮೊದಲೇ ಬಾನೆಟ್ಟಿನ ಸಂದುಗಳಿಂದ ಹಬೆ ನುಗ್ಗಿತು. ರಾಯರು ಲಾರಿ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡರು. "ತಪ್ಪಾಯ್ತು ಕಣೇ! ಬೀಡೇ ಹಾಕಿಸಬೇಕಿತ್ತು!"

ಹೆಂಡತಿ ಆಗಲೇ ಇಳಿದು ಮುಂದೆ ಹೋಗಿದ್ದಳು. ರೇಡಿಯೇಟರಿನ ಜಾಲರಿ ಎಲ್ಲಿ? ಕಾಣಲೇ ಇಲ್ಲ. ಅಂಚಿನಿಂದ ಅಂಚಿನವರೆಗೆ ಬೋರ್ಡೇ ಬೋರ್ಡು.

"ರೀ, ಇದರ ಮೂಗು ಬಾಯಿ ಎರಡೂ ಮುಚ್ಚಿಬಿಟ್ಟಿದ್ದೀರಲ್ರೀ! ಗಾಳಿ ಎಲ್ಲಿಂದ ಬರಬೇಕು? ಸ್ಪಾನರ್ ಕೊಡಿ ಇಲ್ಲಿ!"

ರಾಯರು ತೆಪ್ಪಗೆ ಸ್ಪಾನರ್ ಕೊಟ್ಟರು. ಬೋರ್ಡು ಕೆಳಗೆ ಬಿತ್ತು. ಎಂಜಿನ್ ಚೆನ್ನಾಗಿ ಆರುವ ತನಕ ಅವಳು ಯಾರಿಗೂ ಅದನ್ನು ಮುಟ್ಟಗೊಡಲಿಲ್ಲ. ಆಮೇಲೆ ನೀರು ತುಂಬಿಸಿ, "ಈಗ ಹೊರಡಿ" ಎಂದಳು. ಲಾರಿ ಹೊರಟಿತು. ಮುಳ್ಳು ಅಲುಗಲಿಲ್ಲ. ಗುಡ್ಡದ ನೆತ್ತಿಯಲ್ಲಿ ಬಸ್ಸಿನವರ ಚಪ್ಪಾಳೆ ಕೇಳಿ ರಾಯರು ಕಿಟಕಿಯಿಂದ ಕೈ ಬೀಸಿದರು. ಚಪ್ಪಾಳೆ ಇನ್ನೊಂದು ಕಿಟಕಿಗೆ ಬೀಳುತ್ತಿತ್ತು.

"ಕೆಲಸ ನಿಮಗೇ ರಾಯರೇ," ಎಂದರು ಕಂಪನಿಯ ಮ್ಯಾನೇಜರು. "ಆದರೆ ಬಸ್ಸು ಕೆಟ್ಟರೆ ಫೋನು ಮಾತ್ರ ಅಮ್ಮನವರಿಗೇ ಮಾಡ್ತೀವಿ."

ಷಡ್ಡಕ ಹತ್ತಿರ ಬಂದು ದನಿ ತಗ್ಗಿಸಿದ. "ಅತ್ತಿಗೆ, ನನ್ನ ಗಾಡಿಗೂ ಹೆಡ್ಡು ಬದಲಾಯಿಸ್ಬೇಕು. ಯಾವುದು ಒಳ್ಳೇದು?"

"ಯಾವುದಾದ್ರೂ ಹಾಕ್ಸಿ. ಕಾವಲಿ ಮೇಲೆ ಮಾತ್ರ ಪರೀಕ್ಷೆ ಮಾಡ್ಬೇಡಿ."

ಈಗ ರಾಯರು ಊಟಕ್ಕೆ ಕೂತಾಗಲೆಲ್ಲ ತಳ ಉಬ್ಬಿದ ಆ ಪಾತ್ರೆ ಅವರ ಮುಂದೆಯೇ ತೂಗುತ್ತದೆ. ಅಡುಗೆಮನೆಯಲ್ಲಿ ಫೋನು ಮೊಳಗುತ್ತದೆ. ಅದರ ಮೇಲೆಯೇ, ಅತ್ತೆಯ ಕಾವಲಿ ತೂಗುತ್ತಿದ್ದ ಮೊಳೆಗೆ, ಹೆಂಡತಿ ಆ ತಗಡಿನ ಬೋರ್ಡನ್ನು ನೇತುಹಾಕಿದ್ದಾಳೆ: 'ನಿಂತ ಗಾಡಿಗೆ ನಾನೇ ಗತಿ!' ಅದರ ಕೆಳಗೆ ನಿಂತು ಅವಳು ಫೋನೆತ್ತಿ ಎಲ್ಲ ಕೇಳಿಕೊಂಡು, ಇತ್ತ ತಿರುಗುತ್ತಾಳೆ.

"ರೀ, ಕೈ ತೊಳೀರಿ. ಬಸ್ ನಿಂತಿದೆಯಂತೆ. ಹೋಗೋಣ."