ನಾರ್ಮನ್ ಅಜ್ಜಿಯೂ ನಮ್ಮತ್ತೆಯೂ

ಜರ್ಸಿ ಸಿಟಿಯ ಹದಿನಾರನೇ ಮಹಡಿಯ ಮನೆಯಲ್ಲೇ ಕೂತು ಆಫೀಸ್ ಕೆಲಸ ಮಾಡುವ ನನಗೆ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ಅತ್ತೆ ಮಂಡ್ಯದಿಂದ ಬಂದ ಮೇಲಂತೂ ಕೇಳಲೇಬೇಡಿ. ಮೂವತ್ತು ವರ್ಷ ಹಸು ಸಾಕಿ ಡೈರಿಗೆ ಹಾಲು ಹಾಕಿದವರು, ಒಂದು ಕಡೆ ಕೂತು ಗೊತ್ತಿಲ್ಲ. ನಾನು ಮೀಟಿಂಗಿನಲ್ಲಿದ್ದರೆ ಅವರು ಕಾರಿಡಾರಿನಲ್ಲಿ ಶತಪಥ. ನನಗೋ ಒಂದು ಕಣ್ಣು ಸ್ಕ್ರೀನಿನ ಮೇಲೆ, ಇನ್ನೊಂದು ಬಾಗಿಲ ಮೇಲೆ.

ಯಾವ ಎಕ್ಸಿಟ್?

ಪಕ್ಕದ ಫ್ಲಾಟಿಗೆ ಎಂಬತ್ತು ದಾಟಿದ ಬಿಳಿ ಅಜ್ಜಿಯೊಬ್ಬರು ಬಂದರು. "ನಾನು ಜರ್ಸಿಯವಳು" ಅಂದರು.

ಹೈವೇ ಎಕ್ಸಿಟ್ ನಂಬರಿನಲ್ಲೇ ಎಲ್ಲರ ಊರು ಗುರುತಿಸುವ ನನ್ನ ಗಂಡ, "ಯಾವ ಎಕ್ಸಿಟ್?" ಅಂದ.

"ಎಕ್ಸಿಟ್ ಇಲ್ಲ, ಹಡಗು. ಇದು ನ್ಯೂ ಜರ್ಸಿ ಕಣಪ್ಪಾ. ನಂದು ಹಳೇದು!"

ಅರ್ಥವಾಗದ ಭಾಷೆ

ಹಳೇ ಜರ್ಸಿ ಅಂದರೆ ಫ್ರಾನ್ಸ್ ಪಕ್ಕದ ಪುಟ್ಟ ದ್ವೀಪ. ಒಂದು ಕಾಲಕ್ಕೆ ಇಂಗ್ಲೆಂಡನ್ನು ಗೆದ್ದು ಆಳಿದ ನಾರ್ಮನ್ನರ ನುಡಿ ಅಲ್ಲಿ ಹಳಬರ ಬಾಯಲ್ಲಿ ಇನ್ನೂ ಉಳಿದಿದೆಯಂತೆ. ಅಜ್ಜಿ ನಮ್ಮತ್ತೆಯ ಜೊತೆ ಅದರಲ್ಲೇ ಹರಟುತ್ತಿದ್ದರು. ಅತ್ತೆ ಕನ್ನಡದಲ್ಲಿ.

"ಅವರಿಗೆ ನಿಮ್ಮ ಭಾಷೆ ಅರ್ಥವಾಗಲ್ಲ" ಅಂತ ಅಜ್ಜಿಗೆ ಅಂದೆ.

"ಇಂಗ್ಲಿಷ್ ಅರ್ಥವಾಗುತ್ತಾ?"

"ಅದೂ ಇಲ್ಲ."

"ಮತ್ತೆ ನಾನ್ಯಾಕೆ ಇಂಗ್ಲಿಷ್ ಆಡಲಿ? ನನ್ನ ತಂಗಿ ತೀರಿಹೋದ ಮೇಲೆ ಈ ಭಾಷೆ ಕೇಳೋರು ಸಿಕ್ಕಿರೋದೇ ಈಗ."

ವಾಕ್

ಒಂದು ಮಧ್ಯಾಹ್ನ ಅಜ್ಜಿ ಆಲ್ಬಮ್ ತಂದು, ಒಂದು ಫೋಟೋ ಮುಟ್ಟಿ, "ವಾಕ್, ವಾಕ್" ಅಂದರು. ಅತ್ತೆ ಫೋಟೋ ನೋಡುವ ಗೋಜಿಗೂ ಹೋಗದೆ ಎದ್ದು ಸ್ವೆಟರ್ ಹಾಕಿ, ಶೂ ಏರಿಸಿ, ಬಾಗಿಲಲ್ಲಿ ನಿಂತರು. "ಬನ್ನಿ ಮತ್ತೆ, ಹೋಗೋಣ!"

ಅವರ ಭಾಷೆಯಲ್ಲಿ ವಾಕ್ ಅಂದರೆ ಹಸು. ಜರ್ಸಿ ಹಸುವಿನ ತವರೇ ಆ ದ್ವೀಪ. ಅತ್ತೆ ಕನ್ನಡಕ ಹಾಕಿಕೊಂಡು ಫೋಟೋ ನೋಡಿ ಕಿರುಚಿದರು: "ಅಯ್ಯೋ, ಇದು ನಮ್ಮ ಕೊಟ್ಟಿಗೆ ಗೌರಿ ಕಣೇ! ಇವರ ಆಲ್ಬಮ್ಮಿಗೆ ಹೆಂಗೆ ಬಂದ್ಲು?"

ಸದ್ದು ಮಾಡಬೇಡ

ಮೊನ್ನೆ ಮ್ಯಾನೇಜರ್ ಜೊತೆ ರಿವ್ಯೂ ನಡೆಯುತ್ತಿತ್ತು. ಅತ್ತೆಯ ಸದ್ದೇ ಇಲ್ಲ. ಕಾರಿಡಾರ್ ಖಾಲಿ, ಫೋನ್ ಮನೆಯಲ್ಲೇ ಬಿದ್ದಿದೆ. ಲ್ಯಾಪ್‌ಟಾಪ್ ಎತ್ತಿಕೊಂಡೇ ಓಡಿ ಅಜ್ಜಿಯ ಬಾಗಿಲು ದೂಡಿದೆ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸಿಗೆ ನೀರು ತುಂಬಿ, ಬೆರಳ ತುದಿಗಳಿಗೆ ಸೂಜಿ ಚುಚ್ಚಿ, ಬೀರುವಿನ ಹಿಡಿಗೆ ನೇತುಹಾಕಿದ್ದರು. ಕೆಳಗೆ ಪಾತ್ರೆ. ಅಜ್ಜಿ ಅವರ ದ್ವೀಪದ ರೀತಿಯಲ್ಲಿ ಹಾಲು ಕರೆದು ತೋರಿಸಿದ್ದಾಗಿತ್ತು. ಈಗ ಅತ್ತೆ ಕುಕ್ಕರಗಾಲಲ್ಲಿ ಕೂತು ಚೊರ್ ಚೊರ್ ಅಂತ ಮಂಡ್ಯದ ರೀತಿ ಕಲಿಸುತ್ತಿದ್ದರು.

"ಅತ್ತೇ!" ಅಂತ ಕೂಗಿದೆ. ಲ್ಯಾಪ್‌ಟಾಪಿನಿಂದ ಮ್ಯಾನೇಜರ್, "ಈಸ್ ಎವೆರಿಥಿಂಗ್ ಓಕೆ?" ಅಂದ.

ಅತ್ತೆ ತಿರುಗಿಯೂ ನೋಡದೆ ಗದರಿದರು: "ಇಬ್ಬರೂ ಸುಮ್ನಿರಿ! ಬೆದರಿದ್ರೆ ಹಾಲು ಬಿಡಲ್ಲ."