ಸುಸ್ ಅನ್ನೂ ಸಪ್ಪಳ, ಮತ್ತ ನನ್ನ ಕಿವಿ

ಗಾಳಿ ಸೋರೂದು ಯಾವತ್ತೂ ಮುಗಿಯೂ ಕೆಲಸಲ್ಲರಿ. ಇಲ್ಲಿ ಬಂದ್ ಮಾಡಿದ್ರ ಅಲ್ಲಿ ಸೋರತೈತಿ, ಅಲ್ಲಿ ಬಂದ್ ಮಾಡೂದ್ರಾಗ ಇನ್ನೊಂದು ಕಡೆಯಿಂದ ಫೋನ್ ಬರತೈತಿ. ಬಸವನಬಾಗೇವಾಡಿಯೊಳಗ ನಂದೊಂದು ಸಣ್ಣ ಅಂಗಡಿ. ವೆಲ್ಡಿಂಗ್ ಸಿಲಿಂಡರಿನ ರೆಗ್ಯುಲೇಟರ್ ರಿಪೇರಿ ಮಾಡಕೋತ ಮೂವತ್ತು ವರ್ಷ ಕಳದೇನಿ. ಎಲ್ಲೆರೆ ಸುಸ್ ಅಂದ್ರ ನನಗ ಕುಂತಲ್ಲಿ ಕುಂದ್ರಾಕ ಆಗಂಗಿಲ್ಲ. ಮದುವಿ ಊಟಕ್ಕ ಹೋದ್ರೂ ಮೊದಲ ಅಡಗಿ ಮಾಡೂ ಕಡೆ ಹೊಕ್ಕು ಒಲಿ ನೋಡಿ, ಆಮ್ಯಾಲ ಎಲಿ ಮುಂದ ಕುಂದ್ರಾಂವ. ಸುಸ್ ಅಂದಿದ್ದಕ್ಕ ಹಾವು ಅಂತ ತಿಳದು ಬಡಿಗಿ ಹಿಡಕೊಂಡು ಓಡಿ ಬಂದವರ ಕತಿ ಹತ್ತು ಅದಾವ, ಅವನ್ನ ಹೇಳಂಗಿಲ್ಲ. ಅಂಥವು ಎಲ್ಲಾರ ಹಂತ್ಯಾಕೂ ಇರ್ತಾವ.

೧. ಸಬಕಾರ ಬ್ಯಾಡ

ರಿಟೈರ್ ಆದ ಪಿ.ಟಿ. ಮಾಸ್ತರೊಬ್ಬರು ಮುದ್ದೇಬಿಹಾಳ ರಸ್ತಾದ ಬಾಜೂಕ ತಮ್ಮ ಹೊಲದಾಗ ಪೇಂಟ್‌ಬಾಲ್ ಆಟದ ಅಂಗಳ ಮಾಡ್ಯಾರ. ಬಂದೂಕಿನಾಗಿಂದ ಬಣ್ಣದ ಗೋಲಿ ಹಾರಿಸಿ ಒಬ್ಬರಿಗೊಬ್ಬರು ಹೊಡಿಯೂ ಆಟ. ಬಂದೂಕಿನ ಹಿಂದ ಒಂದು ಗಾಳಿ ಟ್ಯಾಂಕು, ಟ್ಯಾಂಕಿನ ಕುತ್ತಿಗಿಗೆ ಒಂದು ರೆಗ್ಯುಲೇಟರ್. ಅದರೊಳಗಿನ ಬಳಿ ಹಂಗಿರೂ ಸಣ್ಣ ರಬ್ಬರ್ ರಿಂಗ್ ಒಂದು ಹರದ್ರ ಸಾಕು, ಗಾಳಿ ಸೋರಿ ಹೋಗಿ ಗೋಲಿ ಕಾಲ ಬುಡಕ ಬೀಳತೈತಿ.

ಮಾಸ್ತರು ಮೊದಲನೇ ಸಲ ಕೈಚೀಲದಾಗ ಟ್ಯಾಂಕು ಹಾಕ್ಕೊಂಡು ಅಂಗಡಿಗೆ ಬಂದ್ರು. ಮೂರು ಕಡೆ ತೋರಿಸಿದ್ರಂತ, ಮೂವರೂ ಆಗೂದಿಲ್ಲ ಅಂದಿದ್ರಂತ. ನಾ ಟ್ಯಾಂಕು ಕಿವಿಗೆ ಹಿಡದು ಒಂದು ಸುತ್ತು ತಿರುವಿ, ಇಲ್ಲಿ ಅಂತ ಬೆರಳಿಟ್ಟೆ. ಗಾಳಿ ಪೂರಾ ಹೊರಗ ಬಿಟ್ಟು, ರೆಗ್ಯುಲೇಟರ್ ಬಿಚ್ಚಿ, ರಿಂಗ್ ಬದಲಿ ಮಾಡಿ ಕೊಟ್ಟೆ. ಮಾಸ್ತರಿಗೆ ಆಶ್ಚರ್ಯ. ಉಳದವರೆಲ್ಲ ಸಬಕಾರದ ನೀರು ಹಚ್ಚಿ ಗುಳ್ಳಿ ಏಳತಾವೇನು ನೋಡ್ತಾರ, ನೀವು ಯಾಕ ಹಚ್ಚಲಿಲ್ಲ ಅಂತ ಕೇಳಿದ್ರು.

"ಸಬಕಾರ ಕಿವಿ ಇಲ್ಲದವರಿಗೆ, ಸರ. ನನಗ ಕಿವಿ ಅದಾವ," ಅಂದೆ.

ಆ ಒಂದ ಮಾತಿಗೆ ಅವರು ತಮ್ಮ ಹನ್ನೆರಡೂ ಟ್ಯಾಂಕಿನ ಕೆಲಸ ನನಗ ಕೊಟ್ಟರು. ಶನಿವಾರಕ್ಕೊಮ್ಮೆ ಹೋಗಿ ನೋಡಿ ಬರೂದು. ಮನಿಗೆ ಬಂದು ಎದಿ ಉಬ್ಬಿಸಿ ಹೆಂಡತಿಗೆ ಹೇಳಿದೆ. ಅಕಿ ರೊಟ್ಟಿ ಬಡಿಯೂದು ನಿಂದ್ರಸಲಿಲ್ಲ. ನಾ ಹತ್ತು ಸಲ ಒದರಿದ್ರೂ ನೀವು ಒಮ್ಮೆ ಓ ಅನ್ನೂದಿಲ್ಲ, ಆ ಮಾಸ್ತರಿಗೆ ಯಾವ ಕಿವಿ ತೋರಿಸಿ ಬಂದ್ರಿ ಅಂದ್ಲು.

೨. ಹಣಿ ಯಾವುದು

ಆಯುಧ ಪೂಜಾದ ಮರುದಿನ ಮಾಸ್ತರ ಫೋನ್ ಬಂತು. ಹನ್ನೆರಡಕ್ಕ ಹನ್ನೆರಡೂ ಟ್ಯಾಂಕು ಸೋರಾಕತ್ತಾವ, ಲಗೂ ಬರ್ರಿ ಅಂದ್ರು. ಒಂದೋ ಎರಡೋ ಸೋರಬಹುದು, ಹನ್ನೆರಡೂ ಮಾತಾಡಿಕೊಂಡು ಹೆಂಗ ಸೋರತಾವ? ಕೈಯಾಗಿನ ಚಾ ಅಲ್ಲೇ ಇಟ್ಟು ಬೈಕ್ ಹತ್ತಿದೆ.

ಹೋಗಿ ನೋಡಿದ್ರ ಸಾಲಾಗಿ ಹನ್ನೆರಡು ಟ್ಯಾಂಕು, ಕೊರಳಾಗ ಚೆಂಡು ಹೂವಿನ ಮಾಲಿ, ಮೈತುಂಬ ಇಬತ್ತಿ. ಗಾಳಿ ತುಂಬೂ ತೂತಿನೊಳಗ ಸಣ್ಣದೊಂದು ವಾಲ್ವ್ ಇರತೈತಿ. ಅಲ್ಲಿ ಒಂದು ಧೂಳಿನ ಕಣ ಸಿಕ್ಕರೂ ಅದು ಬಾಯಿ ಮುಚ್ಚಂಗಿಲ್ಲ. ಇಲ್ಲಿ ಎಲ್ಲಾದಕ್ಕೂ ಗಚ್ಚಾಗಿ ಕುಂಕುಮ ತುಂಬಿತ್ತು. ಗಾಳಿ ತುಂಬಿಸಾಕ ಹೋಗಿದ್ದ ಮಾಸ್ತರ ಬಿಳಿ ಮೀಸಿ ಕೆಂಪಗಾಗಿತ್ತು.

ಮಾಸ್ತರ ತಾಯಿ ಮಸೂತಿ ಊರಿನ ಕಡೆಯವರು, ಎಂಬತ್ತು ದಾಟೇತಿ, ಪೂಜಾ ಮಾಡಿದವರು ಅವರ. ನಾ ಮೆತ್ತಗ, ಅವ್ವಾರ, ಆ ತೂತಿಗೆ ಯಾಕ ಹಚ್ಚಿದ್ರಿ ಅಂತ ಕೇಳಿದೆ.

"ಟ್ರ್ಯಾಕ್ಟರಿಗಾದ್ರ ಹಣಿ ಇರತೈತಿ, ಅಲ್ಲಿ ಹಚ್ಚತೇನಿ. ಇದಕ್ಕ ಹಣಿ ಯಾವುದು ತಿಳಿಲಿಲ್ಲಪ್ಪ," ಅಂದ್ರು ಮುದುಕಿ. "ಅದಕ್ಕ ತೂತು ಕಂಡಲ್ಲೆಲ್ಲ ಹಚ್ಚಿದೆ."

೩. ಮುಂದಿನ ತಿಂಗಳ ಪಾಠ

ರೆಗ್ಯುಲೇಟರಿನ ಬಾಜೂಕ ಸೂಜಿ ಹೋಗುವಷ್ಟು ಒಂದು ತೂತು ಇರತೈತಿ. ಅದು ಬೇಕಂತ ಮಾಡಿದ್ದು. ಒಳಗಿನ ರಿಂಗ್ ಕೆಟ್ರ ಗಾಳಿ ಆ ತೂತಿನಾಗಿಂದ ಹೊರಗ ಬಂದು, ನನ್ನ ರಿಪೇರಿ ಮಾಡ್ಸು ಅಂತ ಹೇಳತೈತಿ. ಅದನ್ನ ಮುಚ್ಚಿದ್ರ ಒಳಗ ಒತ್ತಡ ಏರಿ ಕೆಲಸ ಕೆಡತೈತಿ.

ಒಂದು ಶನಿವಾರ ಸಿಂದಗಿ ಕಡೆಯ ಕಾಲೇಜಿನ ಲೆಕ್ಚರರ್ ಮಂದಿ ಆಡಾಕ ಬಂದಿದ್ರು. ಅವರಾಗ ಒಬ್ಬರ ಟ್ಯಾಂಕಿನ ಆ ತೂತಿನಾಗಿಂದ ಗಾಳಿ ಬರಾಕತ್ತಿತ್ತು. ನಮ್ಮನ್ನ ಕೇಳಬೇಕೋ ಬ್ಯಾಡೋ? ಬಾಯಾಗಿನ ಚೂಯಿಂಗ್ ಗಮ್ ತಗದು ತೂತಿಗೆ ಮೆತ್ತಿ, ರಿಪೇರಿ ಆತು ಅಂತ ಎಲ್ಲಾರಿಗೂ ತೋರಿಸಿದ್ರು. ಎರಡು ನಿಮಿಷಕ್ಕ ಗಮ್ ಟಪ್ ಅಂತ ಹಾರಿ ಕೂಡ ಬಂದಿದ್ದ ಪ್ರಿನ್ಸಿಪಾಲರ ಚಾಳೀಸಿನ ಗ್ಲಾಸಿಗೆ ಹತ್ತಿತು. ನನಗ ಸಿಟ್ಟು ತಡಿಲಿಲ್ಲ. ಮೈ ಕೈಗೆ ಏನರ ಆಗಿದ್ರ ಯಾರು ಜವಾಬ್ದಾರಿ, ನೀವೇನು ಕಲಸ್ತೀರಿ ಕಾಲೇಜಿನಾಗ ಅಂತ ಕೇಳೇಬಿಟ್ಟೆ.

ಫಿಜಿಕ್ಸ್ ಅಂದ್ರು. ಪ್ರಿನ್ಸಿಪಾಲರ ಚಾಳೀಸು ಒರಸಕೋತ, "ಒತ್ತಡದ ಪಾಠ ಮುಂದಿನ ತಿಂಗಳ ಐತ್ರಿ," ಅಂದ್ರು.

೪. ಎಮ್ಮಿ ನೀರು ಬಿಟ್ಟಿದ್ದು

ಅವತ್ತಿನ ಒಂದು ಮಾತು ನಾ ಯಾರ ಮುಂದೂ ಹೇಳಿರಲಿಲ್ಲ. ಗಮ್ ಹಾರಿದ ಮ್ಯಾಲ ಆ ತೂತು ಸುಸ್ ಅನ್ನಾಕತ್ತೈತಿ ಅಂತ ಎಲ್ಲಾರೂ ಅಂದ್ರು. ನನಗ ಏನೂ ಕೇಳಲಿಲ್ಲ.

ವಿಜಯಪುರಕ್ಕ ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆ. ಮಾತು ಚಲೋ ಕೇಳತಾವ, ಸಣ್ಣ ಸಿಳ್ಳಿನಂಥ ಸಪ್ಪಳ ಅಷ್ಟ ಹೋಗ್ಯಾವ, ಅವು ತಿರುಗಿ ಬರೂದಿಲ್ಲ ಅಂದ್ರು. ಮಾತು ಕೇಳತಾವಲ್ಲ, ಇನ್ನೇನು ಬೇಕು ಅಂತ ಸಮಾಧಾನ ಬ್ಯಾರೆ. ನಾ ಹೊಟ್ಟಿ ಹೊರಕೊಂಡಿದ್ದ ಆ ಸುಸ್ ಮ್ಯಾಲ ಅಂತ ಅವರಿಗೆ ಹೆಂಗ ಹೇಳ್ಲಿ? ಮಾಸ್ತರಿಗೆ ಗೊತ್ತಾದ್ರ ಕೆಲಸ ಹೋಗತೈತಿ. ಸಬಕಾರ ಹಚ್ಚೂಣು ಅಂದ್ರ ಆಡಿದ ದೊಡ್ಡ ಮಾತು ಅಡ್ಡ ಬರತೈತಿ. ಅವತ್ತಿನಿಂದ ಸಮಾಧಾನ ಅನ್ನೂದು ಹಾರಿ ಹೋತು. ಅಂಗಡಿ ಸುಮ್ಮನಿದ್ರೂ ಭಯ, ಎಲ್ಲಿ ಏನು ಸೋರಾಕತ್ತೈತೋ ಅಂತ. ಎದ್ದು ಎದ್ದು ಹೋಗಿ ಎಲ್ಲಾ ಸಿಲಿಂಡರಿನ ಕುತ್ತಿಗಿ ಮುಟ್ಟಿ ಮುಟ್ಟಿ ನೋಡತಿದ್ದೆ.

ಕಡೀಕ ಒಂದು ಉಪಾಯ ಮಾಡಿದೆ. ಮಾಸ್ತರಿಗೆ ಏನೋ ಒಂದು ನೆಪ ಹೇಳಿ ಟ್ಯಾಂಕುಗಳನ್ನ ಚೀಲದಾಗ ಮನಿಗೆ ತಂದು, ಬಾಜೂ ಮನಿ ಕಾಕಾನ ದನದ ನೀರಿನ ತೊಟ್ಟಿಯೊಳಗ ಮುಳುಗಿಸಿ, ಗುಳ್ಳಿ ಎಲ್ಲಿಂದ ಏಳತಾವ ನೋಡೂದು. ಕೆಲಸ ಬರೋಬರಿ ಆಗತಿತ್ತು. ಕಾಕಾನ ಎಮ್ಮಿ ಅಷ್ಟ ತೊಟ್ಟಿಗೆ ಬಾಯಿ ಹಾಕೂದು ಬಿಟ್ಟಿತು. ಬುಳುಬುಳು ಅನ್ನೂ ನೀರು ಒಮ್ಮೆ ಕಂಡಿತ್ತಲ್ಲ, ಕಾಕಾ ಹಗ್ಗ ಹಿಡದು ಎಳದ್ರೂ ಹಿಂದ ಸರೀತಿತ್ತು. ದನದ ಡಾಕ್ಟರ್ ಬಂದು ನೋಡಿ, ಎಮ್ಮಿಗೆ ಏನೂ ಆಗಿಲ್ಲ, ಯಾರೋ ಅಂಜಿಸ್ಯಾರ ಅಂದ್ರು. ತೊಟ್ಟಿ ಹಂತ್ಯಾಕ ನನ್ನ ನೋಡಿದ್ದ ಕಾಕಾ ಸೀದಾ ನಮ್ಮ ಮನಿಗೆ ಬಂದು ಹೆಂಡತಿ ಮುಂದ ಪುರಾಣ ಬಿಚ್ಚಿದ. ಅಕಿ ಎಲ್ಲಾ ಕೇಳಿಸಿಕೊಂಡು ನನ್ನ ಕಡೆ ತಿರುಗಿ, ನಾ ಕಿವಿ ಡಾಕ್ಟರ ಚೀಟಿ ಅವತ್ತ ನಿಮ್ಮ ಅಂಗಿ ಕಿಸೆದಾಗ ನೋಡೇನಿ, ಎಮ್ಮಿಗೆ ಗೊತ್ತು ಮಾಡಿಕೊಟ್ಟವರು ನನಗ ಹೇಳಾಕ ಏನಾಗಿತ್ತು ಅಂದ್ಲು.

೫. ಬೀಗರ ಆಟ

ಅವತ್ತ ಅಕೀನ ಒಂದು ದಾರಿ ಹೇಳಿದ್ಲು. ಶನಿವಾರ ನಾನೂ ಬರ್ತೇನಿ, ಮಾಸ್ತರ ಅವ್ವನ ಜೋಡಿ ನೀವು ಕೆಲಸ ಮಾಡೂ ಟೇಬಲ್ ಬಾಜೂಕ ಪಲ್ಲೆ ಸೋಸಕೋತ ಕುಂದ್ರತೇನಿ. ಸೋರೂ ಟ್ಯಾಂಕಿಗೆ ನೀವು ಕೈ ಹಚ್ಚಿದಾಗ ಮೂಗುಬಟ್ಟು ಮುಟ್ಟಿಕೋತೇನಿ ಅಂದ್ಲು. ನಾ ಸುಮ್ಮನ ಟ್ಯಾಂಕಿಗೆ ಕಿವಿ ಹಚ್ಚಿದಂಗ ಮಾಡಿ ಅಕೀ ಮೂಗು ನೋಡಾಂವ. ಎರಡು ತಿಂಗಳು ಒಂದೂ ತಪ್ಪಲಿಲ್ಲ. ಮಿಸ್ತ್ರಿ ಕಿವಿ ಅಂದ್ರ ಕಿವಿ ಅಂತ ಮಾಸ್ತರು ಬಂದವರ ಮುಂದೆಲ್ಲ ಹೇಳಾಕತ್ತಿದ್ರು.

ಹಿಂಗಿರಬೇಕಾದ್ರ ಒಂದು ಶನಿವಾರ ಇಂಡಿ ಊರಿನ ಗಂಡಿನವರು, ಮುದ್ದೇಬಿಹಾಳದ ಹೆಣ್ಣಿನವರು ಕೂಡಿ ಆಡಾಕ ಬಂದ್ರು. ಮದುವಿ ಮುಂದಿನ ವಾರ ಇತ್ತು. ಆಟ ಸುರು ಆತು. ಮದುಮಗನ ಬಂದೂಕಿನ ಗೋಲಿ ಅವನ ಬೂಟಿನ ಮ್ಯಾಲ ಬೀಳಾಕತ್ತಿದ್ವು. ಹೆಣ್ಣಿನ ಅಣ್ಣತಮ್ಮರು ಅವನ್ನ ನಡುವ ಹಾಕ್ಕೊಂಡು ಹೊಡದು ಹೊಡದು ಹೋಳಿ ಹುಣ್ಣಿವಿ ಮಾಡಿದ್ರು. ಗಂಡಿನ ಸೋದರಮಾವ ನಡುವ ಬಂದು ಆಟ ನಿಂದ್ರಿಸಿದ. ಬೇಕಂತನ ನಮಗ ಕೆಟ್ಟ ಬಂದೂಕು ಕೊಡ್ಸ್ಯಾರ, ಈಗ ಹಿಂಗ ಮಾಡಾವ್ರು ನಾಳೆ ಏನೇನು ಮಾಡ್ತಾರ, ಈ ಮದುವೀನ ಬ್ಯಾಡ ಅಂದ. ಹೆಣ್ಣಿನ ತಂದಿ ಮಾರಿ ಬಿಳಚಿಕೊಂಡಿತು.

ಮಾಸ್ತರು ಓಡಿ ಬಂದ್ರು. "ಮಿಸ್ತ್ರಿ, ಈ ಮದುವಿ ನಿಮ್ಮ ಕಿವಿ ಮ್ಯಾಲ ನಿಂತೈತಿ. ಯಾವುದು ಸೋರಾಕತ್ತೈತಿ ಹೇಳ್ರಿ."

ಓಡ್ಯಾಡೂ ಗದ್ದಲದಾಗ ಗಂಡಿನವರ ಟ್ಯಾಂಕಿನಾಗ ಮದುಮಗಂದು ಯಾವುದು ಅನ್ನೂದು ಕಲಸಿ ಹೋಗಿತ್ತು. ಗಂಡಿನವರ ಆರೂ ಟ್ಯಾಂಕು ಟೇಬಲ್ ಮ್ಯಾಲ ಇಟ್ಟರು. ಸುತ್ತ ಎರಡೂ ಕಡೆ ಬೀಗರು. ಮೊದಲನೇದು, ಏನಿಲ್ಲ. ಎರಡನೇದು, ಏನಿಲ್ಲ. ಮೂರನೇದಕ್ಕ ಹೆಂಡತಿ ಕೈ ಮೂಗಿಗೆ ಹೋತು. ಗಾಳಿ ಬಿಟ್ಟು ಬಿಚ್ಚಿ ನೋಡಿದ್ರ ಒಳಗಿನ ರಿಂಗ್ ಹೊಚ್ಚ ಹೊಸಾದು ಇದ್ದಂಗಿತ್ತು. ಗಾಬರಿಯಾಗಿ ಅಕೀ ಕಡೆ ನೋಡಿದೆ. ಅಕೀ ಮೂಗಿನ ಸುತ್ತ ಒಂದು ನೊಣ ಹಾರಾಡಾಕತ್ತಿತ್ತು.

ಸರಿ, ಮುಂದ ಹೋದೆ. ಐದನೇದಕ್ಕ ಮತ್ತ ಮೂಗಿಗೆ ಕೈ ಹೋತು. ನೊಣ ಅಂದುಕೊಂಡು ದಾಟಿದೆ. ಆರನೇದು, ಏನಿಲ್ಲ. ತಿರುಗಿ ಐದಕ್ಕ ಬಂದೆ. ಅಕಿ ಮೂಗುಬಟ್ಟು ಕಿತ್ತು ಬರೂವಂಗ ಒತ್ತಾಕತ್ತಿದ್ಲು. ಅಯ್ಯ ಪಾಪ, ನೊಣ ಭಾಳ ಕಾಡಾಕತ್ತೈತಿ ಅಂತ ಮತ್ತೂ ದಾಟಿದೆ. ಆಗ ಅಕಿ ಪಲ್ಲೆ ಕೆಳಗಿಟ್ಟು, ಎದ್ದು ಬಂದು, ಐದನೇ ಟ್ಯಾಂಕು ಎತ್ತಿ ನನ್ನ ಕೈಯಾಗ ಕೊಟ್ಟಳು.

"ಇದ ರೀ. ಕುತ್ತಿಗಿ ಹಂತ್ಯಾಕ. ಆವಾಗಿಂದ ಒದರಾಕತ್ತೈತಿ."

ಬಿಚ್ಚಿದ್ರ ಒಳಗಿನ ರಿಂಗ್ ಹರದಿತ್ತು, ಸೋದರಮಾವಗ ತೋರಿಸಿದೆ. ನಾ ತಲಿ ತಗ್ಗಿಸಿ ರಿಂಗ್ ಬದಲಿ ಮಾಡಿದೆ. ಆಟ ಮತ್ತ ಸುರು ಆತು, ಮದುಮಗ ಸೇಡು ತೀರಿಸಿಕೊಂಡ, ಬೀಗರು ನಕ್ಕೋತ ಹೋದ್ರು. ಮಾಸ್ತರು ಮಾತ್ರ ನನಗ ಹೋಗಿ ಬರ್ರಿ ಅಂತಲೂ ಅನ್ನಲಿಲ್ಲ.

ಆಯಿತವಾರ ಪೂರಾ ನನಗ ನಿಂತಲ್ಲಿ ನಿಂದ್ರಾಕ ಆಗಲಿಲ್ಲ. ಅಂಗಡಿ ಎರಡು ಸಲ ಕಸ ಹೊಡದೆ. ನೆಟ್ಟಗಿದ್ದ ಎರಡು ರೆಗ್ಯುಲೇಟರ್ ಬಿಚ್ಚಿ ಮತ್ತ ಕೂಡಿಸಿದೆ. ಸೋಮವಾರ ಮುಂಜಾನೆ ಮಾಸ್ತರ ಫೋನ್ ಬಂತು. ಸ್ಪೀಕರ್ ಹಚ್ಚಿದೆ. ನನ್ನ ಜೋಡಿ ಮಾತಾಡಲಿಲ್ಲ, ಅಕ್ಕಾರಿಗೆ ಕೊಡ್ರಿ ಅಂದ್ರು.

"ಅಕ್ಕಾರ, ಎರಡು ತಿಂಗಳಿಂದ ನೀವು ಮೂಗು ಯಾಕ ಮುಟ್ಟಿಕೋತಿದ್ರಿ ಅಂತ ಈಗ ತಿಳೀತು. ಇನ್ನ ಶನಿವಾರ ನೀವ ಬರ್ರಿ. ಮಿಸ್ತ್ರಿ ಬರದಿದ್ರೂ ನಡೀತೈತಿ."

ಅಕಿ ನನ್ನ ಮಾರಿ ಒಮ್ಮೆ ನೋಡಿದ್ಲು, ಕೈ ಒಮ್ಮೆ ನೋಡಿದ್ಲು.

"ಬರ್ತೇನ್ರಿ ಸರ," ಅಂದ್ಲು. "ಆದ್ರ ಬಿಚ್ಚಾಕ, ಕೂಡ್ಸಾಕ ನನಗೊಬ್ಬ ಆಳು ಬೇಕು. ನನ್ನ ಹಂತ್ಯಾಕ ಒಬ್ಬ ಅದಾನ. ಕಿವಿ ಕೇಳಂಗಿಲ್ಲ, ಆದ್ರ ಹೇಳಿದ ಕೆಲಸ ಭಾಳ ಚಲೋ ಮಾಡ್ತಾನ."